ರುಮಾಲಿನೊಳಗಿನ ರದ್ದಿ

ಹೋದ ಬುಧವಾರ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಕೈಚೀಲ ಹುಡುಕುತ್ತಿದ್ದೆ. ಹಳೆಯ ಬಟ್ಟೆಯ ಚೀಲವೊಂದು ಸಿಕ್ಕಿತು. ಅದರ ಬಾಯಿ ಬಿಚ್ಚಿದೊಡನೆ ಬಜೆಯ ವಾಸನೆ ಬಂತು. ಬಜೆ ಬೇರನ್ನು ತೇಯ್ದು ಕೂಸುಗಳಿಗೆ ನೆಕ್ಕಿಸುವುದನ್ನು ನೀವು ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಕೂಸು ಇರಲಿಲ್ಲ. ನಮ್ಮಲ್ಲಿ ಬಜೆ ಇರುತ್ತಿದ್ದದ್ದು ಪುಸ್ತಕಗಳ ನಡುವೆ, ಹುಳು ಹತ್ತದಿರಲಿ ಎಂದು. ಆ ಪುಸ್ತಕಗಳು ನನ್ನ ಹೆಂಡತಿ ಸುವರ್ಣಾಳವು. ಐವತ್ತರ ಹತ್ತಿರ ಬಂದಾಗ ಆಕೆ ಮನೆಯಲ್ಲೇ ಕೂತು ಓದುವ ಎಂ.ಎ.ಗೆ ಹೆಸರು ಹಚ್ಚಿದ್ದಳು. ಈ ಚೀಲದಲ್ಲೇ ಪುಸ್ತಕ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಆಕೆ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಒಂಬತ್ತು ದಿನದ ಜ್ವರ, ಅಷ್ಟೇ.

ಚೀಲ ಬೇಕಾಗಿದ್ದದ್ದು ಮೂಡಲಗಿಗೆ ಹೋಗಲು. ಆಕೆ ಕೊನೆಯ ನಾಲ್ಕು ವರ್ಷ ಕೆಲಸ ಮಾಡಿದ ಕಚೇರಿಯಿಂದ ಸವಿತಾ ಎನ್ನುವ ಹುಡುಗಿ ಎರಡು ಸಲ ಫೋನು ಮಾಡಿದ್ದಳು. "ಬಾಯಾರ ಡ್ರಾವರಿನ್ಯಾಗ ಅವರ ಸಾಮಾನು ಹಂಗ ಉಳದಾವ್ರಿ. ಆ ಟೇಬಲ್ಲಿಗೆ ಹೊಸಬರು ಬರಾಕತ್ತಾರ. ಒಮ್ಮಿ ಬಂದು ಒಯ್ರೆಲಾ." ನಮ್ಮ ಕಡೆ ಮೇಡಮ್ಮರನ್ನು ಬಾಯಾರು ಎನ್ನುತ್ತಾರೆ. ಹೂಂ ಎಂದು ಹೇಳಿ ಎರಡು ವಾರ ತಳ್ಳಿದೆ. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಮೂಡಲಗಿಯ ಬೋರ್ಡು ಕಂಡರೆ ಬೇರೆ ಕಡೆ ನೋಡುತ್ತಿದ್ದೆ. ದುಃಖವೊಂದೇ ಅದಕ್ಕೆ ಕಾರಣವಾಗಿರಲಿಲ್ಲ. ಸುವರ್ಣಾಳಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಆರು ವರ್ಷ ಹೇಳದೆ ಇಟ್ಟುಕೊಂಡಿದ್ದೆ. ಆಕೆಗೆ ಅದು ಗೊತ್ತಾಗದೆ ಹೋಯಿತೋ, ಗೊತ್ತಾಗಿ ನೊಂದು ಹೋದಳೋ ಎಂಬುದು ನನಗೆ ತಿಳಿದಿರಲಿಲ್ಲ. ಒಬ್ಬನೇ ಇರುವ ಮನೆಯಲ್ಲಿ ಇಂಥ ಒಂದು ಪ್ರಶ್ನೆ ಇದ್ದರೆ ಅದೇ ಯಜಮಾನನಂತೆ ಅಡ್ಡಾಡುತ್ತದೆ.

ಮೊದಲಿನಿಂದ ಹೇಳುತ್ತೇನೆ. ನಾವಿಬ್ಬರೂ ಗೋಕಾಕದ ಒಂದೇ ಕಚೇರಿಯಲ್ಲಿ ಸಿಪಾಯಿಗಳಾಗಿ, ಅಂದರೆ ಜವಾನರಾಗಿ, ಸೇರಿದವರು. ಯಾವ ಕಚೇರಿ ಎಂದು ಕೇಳಬೇಡಿ. ಹಳ್ಳಿಗಳ ಹಳೆಯ ಕಾಗದಗಳಿರುವ ಕಚೇರಿ ಎಂದರೆ ಸಾಕು. ಆಕೆಯ ತವರು ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿ. ಆಕೆ ಒಂದೊಂದೇ ಪರೀಕ್ಷೆ ಪಾಸಾಗುತ್ತ ಗುಮಾಸ್ತೆಯಾದಳು, ಆಮೇಲೆ ಅದಕ್ಕೂ ಮೇಲಿನ ಕುರ್ಚಿಗೆ ಹೋದಳು. ನಾನು ಹತ್ತನೇ ಇಯತ್ತೆಯ ಗಣಿತವನ್ನು ಮೂರು ಸಲ ಭೇಟಿಯಾಗಿ, ಪರಸ್ಪರ ಒಪ್ಪಿಗೆಯಿಂದ ಬಿಟ್ಟವನು. ಹೀಗಾಗಿ ನಾನು ಸಿಪಾಯಿ, ನನ್ನ ಹೆಂಡತಿ ಸಾಹೇಬಳು. ಬೆಳಿಗ್ಗೆ ಹತ್ತರ ತನಕ ಆಕೆ ಸುವರ್ಣಾ. ಹತ್ತರಿಂದ ಐದೂವರೆ ತನಕ ಮೇಡಂ. ಗೇಟಿನ ಹೊರಗೆ ಆಕೆಯ ಚೀಲ ಆಕೆಯೇ ಹಿಡಿಯುತ್ತಿದ್ದಳು, ಒಳಗೆ ಬಂದರೆ ನಾನು ಹಿಡಿಯುತ್ತಿದ್ದೆ. ಇದನ್ನು ನೋಡಿ ನಗದವರು ಗೋಕಾಕದಲ್ಲಿ ಕಡಿಮೆ. ನನಗೇನೂ ಅನಿಸುತ್ತಿರಲಿಲ್ಲ ಎಂದರೆ ಸುಳ್ಳು; ಆದರೆ ಅನಿಸಿದ್ದು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಒಂದೇ ಒಲೆಯ ರೊಟ್ಟಿಯನ್ನು ಎರಡು ಡಬ್ಬಿಗಳಲ್ಲಿ ತರುತ್ತಿದ್ದೆವು. ಆಕೆ ಗುಮಾಸ್ತರ ಜತೆ ಉಣ್ಣುತ್ತಿದ್ದಳು, ನಾನು ರೆಕಾರ್ಡ್ ರೂಮಿನಲ್ಲಿ ದಸ್ತಗೀರ ಕಾಕಾನ ಜತೆ. ಕಾಕಾ ಮೂವತ್ತು ವರ್ಷದಿಂದ ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದ. ನನ್ನ ಡಬ್ಬಿಯಲ್ಲಿ ಯಾವಾಗಲೂ ಒಂದು ಪಾಲು ಶೇಂಗಾ ಚಟ್ನಿ ಹೆಚ್ಚಿಗೆ ಇರುತ್ತಿತ್ತು. ಅದು ಕಾಕಾನದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಎಂ.ಎ.ಯಲ್ಲಿ ಆಕೆಗೆ ಬಹಳ ಹಿಡಿಸಿದ ವಿಷಯ ಸಂಘಟನೆಗಳದು. ಕಚೇರಿ, ಕಾರ್ಖಾನೆ, ಸಂಘ ಇವೆಲ್ಲ ಹೇಗೆ ನಡೆಯುತ್ತವೆ, ಹೇಗೆ ಬದಲಾಗುತ್ತವೆ, ಬದಲಾಗು ಎಂದಾಗ ಯಾಕೆ ಬದಲಾಗುವುದಿಲ್ಲ ಎಂಬ ಸಿದ್ಧಾಂತಗಳು. ನನಗೆ ನಗು ಬಂದಿತ್ತು. ಕಚೇರಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಪುಸ್ತಕ ಬೇಕೆ? ಆದರೆ ಸಂಜೆ ಆಕೆ ರೊಟ್ಟಿ ಬಡಿಯುವಾಗ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ನನ್ನದಾಯಿತು. ಹಾಗಾಗಿ ಪರೀಕ್ಷೆ ಬರೆಯದೆ ನಾನೂ ಅಷ್ಟಿಷ್ಟು ಕಲಿತೆ. ಒಬ್ಬ ನೌಕರನಿಗೆ ಒಬ್ಬರೇ ಮೇಲಧಿಕಾರಿ ಇರಬೇಕು, ಇಬ್ಬರಿದ್ದರೆ ಕೆಲಸ ಕೆಡುತ್ತದೆ ಎಂಬ ನಿಯಮ ಬಂದಾಗ ನಾನು ಪುಸ್ತಕ ಕೆಳಗಿಟ್ಟು, "ಇದನ್ನ ನಮ್ಮ ಮನಿ ನೋಡಿ ಬರದಾರ ಕಾಣತೈತಿ. ನನಗ ಎರಡೂ ಕಡೆ ಒಬ್ಬಾಕೀನ," ಎಂದೆ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವುತ್ತ, "ಹಂಗಾರ ಕೆಲಸ ಯಾಕ ಕೆಡತೈತ್ರಿ?" ಎಂದಳು.

ಬದಲಾವಣೆಯ ಪಾಠವನ್ನು ಆಕೆ ನನಗೆ ಬೆಲ್ಲದಿಂದ ವಿವರಿಸಿದ್ದಳು. ಮೊದಲು ಕರಗಬೇಕು, ಆಮೇಲೆ ಹೊಸ ಆಕಾರಕ್ಕೆ ಬರಬೇಕು, ಆಮೇಲೆ ಗಟ್ಟಿಯಾಗಬೇಕು ಎಂದು ಪುಸ್ತಕದಲ್ಲಿತ್ತು. "ನಮ್ಮೂರ ಗಾಣದ ಮನಿಯಾಗ ಮಾಡೂದು ಇದನ್ನಲ್ರಿ. ಕಾಯಸ್ತಾರ, ಅಚ್ಚಿಗಿ ಹೊಯ್ತಾರ, ಆರಾಕ ಬಿಡ್ತಾರ."

"ಆರೂದರಾಗ ಕೈ ಹಾಕಿದರ?" ಎಂದೆ.

"ಕೈ ಸುಡತೈತಿ. ಅದೂ ಪುಸ್ತಕದಾಗ ಐತಿ. ಅದಕ್ಕ ಪ್ರತಿರೋಧ ಅಂತಾರ."

ರವಿವಾರ ಹುಕ್ಕೇರಿಯ ಕಾಲೇಜಿನಲ್ಲಿ ಪಾಠಗಳಿರುತ್ತಿದ್ದವು. ನಾನೂ ಜತೆಗೆ ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಒಂದು ರವಿವಾರ ಬಿಸಿಲು ಜಾಸ್ತಿಯಾಗಿ, ಪಾಠ ಹೇಳುವ ಸರ್ ತಾವೇ ಹೊರಗೆ ಬಂದು, "ಯಜಮಾನರ, ನೀವೂ ಒಳಗ ಕೂಡ್ರಿ. ಹೆಂಗೂ ನಮ್ಮಲ್ಲಿ ಬೆಂಚಿಗಿಂತ ವಿದ್ಯಾರ್ಥಿಗಳು ಕಡಿಮಿ," ಎಂದರು. ಕೊನೆಯ ಬೆಂಚಿನಲ್ಲಿ ಕೂತೆ. ಅವತ್ತು ಅವರು ಸಂಘಟನೆ ಎಂದರೆ ಏನು ಎಂದು ಹೇಳುತ್ತಿದ್ದರು. ಜನ ಬಹಳ ಇರಬೇಕಾಗಿಲ್ಲ, ಗೋಡೆ ಮತ್ತು ಬೋರ್ಡು ಬೇಕಾಗಿಲ್ಲ. ಇಬ್ಬರು ತಿಳಿದು ಒಂದು ಕೆಲಸಕ್ಕೆ ಕೈ ಹಚ್ಚಿದರೆ ಅದೇ ಸಂಘಟನೆ ಎಂದರು. ಸುವರ್ಣಾ ಮುಂದಿನ ಬೆಂಚಿನಿಂದ ತಿರುಗಿ ನನ್ನನ್ನು ನೋಡಿದಳು. ಈಗ ಆ ಲೆಕ್ಕದಲ್ಲಿ ನಾನು ಯಾವುದಕ್ಕೂ ಸಲ್ಲುವುದಿಲ್ಲ. ಒಬ್ಬನೇ ಇದ್ದರೆ ಅದಕ್ಕೆ ಏನೆನ್ನುತ್ತಾರೆ ಎಂದು ಸರ್ ಅವತ್ತು ಹೇಳಲಿಲ್ಲ, ನನಗೂ ಕೇಳಬೇಕೆನಿಸಿರಲಿಲ್ಲ.

ಈಗ ರೆಕಾರ್ಡ್ ರೂಮಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಹಳೆಯ ಕಾಗದಗಳನ್ನು ಚೌಕಾಕಾರದ ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ. ಆ ಗಂಟಿಗೆ ರುಮಾಲು ಎಂದೇ ಹೆಸರು. ಒಂದೊಂದು ಹಳ್ಳಿಗೆ ಒಂದಿಷ್ಟು ರುಮಾಲು. ದಸ್ತಗೀರ ಕಾಕಾ ಅವುಗಳನ್ನು ಸಂತೆಯ ಪ್ರಕಾರ ಇಟ್ಟಿದ್ದ. ಒಂದು ಸಂತೆಗೆ ನಡೆಯುವ ಹಳ್ಳಿಗಳೆಲ್ಲ ಒಂದು ರ‍್ಯಾಕು. ಕಾಕಾನ ತರ್ಕ ಹೀಗಿತ್ತು: "ಸಂತಿ ದಿನ ಯಾರೂ ಕಚೇರಿಗಿ ಬರೂದಿಲ್ಲ. ಮರುದಿನ ಮನಿಯಾಗ ಕಾಯಿಪಲ್ಲೆ ಇರತೈತಿ, ಮನಸ ಹಗುರ ಇರತೈತಿ, ಆವಾಗ ಹೊಲದ ತಂಟಿ ನೆನಪಾಗತೈತಿ. ಎದ್ದು ಬರತಾರ." ಹೀಗಾಗಿ ಯಾವ ದಿನ ಯಾವ ರ‍್ಯಾಕಿಗೆ ಕೈ ಹೋಗಬೇಕು ಎಂಬುದು ಅವನಿಗೆ ಬೆಳಿಗ್ಗೆಯೇ ಗೊತ್ತಿರುತ್ತಿತ್ತು. ಒಂದು ಹಳ್ಳಿಯ ಕಾಗದಕ್ಕೆ ಬಾಜೂ ಹಳ್ಳಿಯ ಕಾಗದ ಬೇಕಾದರೆ ಅದೂ ಬಾಜೂಕೇ ಇರುತ್ತಿತ್ತು. ಆದರೆ ಇದು ಎಲ್ಲಿಯೂ ಬರೆದಿರಲಿಲ್ಲ. ಕಾಕಾನಿಗೆ ಗೊತ್ತು, ಅವನಿಂದ ನನಗೆ ಗೊತ್ತು, ಅಷ್ಟೇ.

ಗೋಕಾಕ ಒಡೆದು ಮೂಡಲಗಿ ಬೇರೆ ತಾಲೂಕು ಆಗುತ್ತದೆ, ಕಾಗದಗಳನ್ನು ಪಾಲು ಮಾಡಬೇಕು ಎಂಬ ಸುದ್ದಿ ಬಂದಾಗ ರೆಕಾರ್ಡ್ ರೂಮನ್ನು ಸರಿಪಡಿಸುವ ಕೆಲಸ ಸುವರ್ಣಾಳಿಗೆ ಬಂತು. ಎಂ.ಎ.ಯ ಕೊನೆಗೆ ಒಂದು ವರದಿಯನ್ನೂ ಆಕೆ ಬರೆಯಬೇಕಿತ್ತು: ಒಂದು ಸಂಘಟನೆಯಲ್ಲಿ ಆದ ಬದಲಾವಣೆಯ ಬಗ್ಗೆ. ಎರಡೂ ಒಂದೇ ಆದವು. ಅಕ್ಷರದ ಪ್ರಕಾರ ಹಳ್ಳಿಗಳನ್ನು ಇಡುವುದು, ಪ್ರತಿ ರುಮಾಲಿಗೆ ಚೀಟಿ, ಪ್ರತಿ ಚೀಟಿಗೆ ನಂಬರು ಎಂದು ಆಕೆ ಯೋಜನೆ ಮಾಡಿದಳು. ದೊಡ್ಡ ಸಾಹೇಬರು ಭೇಷ್ ಎಂದರು. ಬಹಳ ಖುಷಿಯಾಗಿದ್ದಳು. ರಾತ್ರಿ ಉಣ್ಣುವಾಗ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ರ‍್ಯಾಕುಗಳ ನಕ್ಷೆ ತೆಗೆಯುತ್ತಿದ್ದಳು.

ನಾವು ಒಂದು ವಾರದಲ್ಲಿ ಎಲ್ಲ ಬದಲಿಸಿದೆವು. ಎರಡನೇ ವಾರದಲ್ಲಿ ಕಾಕಾ ಒಂದು ರುಮಾಲಿಗಾಗಿ ಅರ್ಧ ಗಂಟೆ ತಡಕಾಡಿ, ಕೊನೆಗೆ ಸ್ಟೂಲಿನ ಮೇಲೆ ಕೂತುಬಿಟ್ಟ. ಅದು ಅವನ ಕಣ್ಣೆದುರಿಗೇ ಇತ್ತು.

"ಚೀಟಿ ಐತೆಲ್ಲೋ ಕಾಕಾ," ಎಂದೆ.

"ಐತಿ. ಚೀಟಿ ಐತಿ ಅನ್ನೂದು ಕಾಣತೈತಿ. ಅದರ ಮ್ಯಾಲ ಏನೈತಿ ಅನ್ನೂದು ಕಾಣೂದಿಲ್ಲ," ಎಂದ. ಆಮೇಲೆ ದನಿ ಇಳಿಸಿ, "ಮೂರು ವರ್ಷ ಆತು. ಕೈಲೇ ನಡಸೇನಿ. ಇನ್ನ ಐದು ತಿಂಗಳ ಐತಿ ನೌಕರಿ. ಯಾರ ಮುಂದೂ ಅನ್ನಬ್ಯಾಡ. ನಿನ್ನ ಮೇಡಮ್ಮನ ಮುಂದ ಅಂತೂ ಬ್ಯಾಡ. ಆಕಿ ಒಳ್ಳೇಕಿ. ಒಳ್ಳೇವರಿಗಿ ಗೊತ್ತಾದರ ಕನಿಕರ ಮಾಡತಾರ. ನನಗದು ಬ್ಯಾಡ," ಎಂದ.

ಮುಂದಿನದು ನನ್ನ ಬುದ್ಧಿ. ರೆಕಾರ್ಡ್ ರೂಮಿಗೆ ಹಿಂದೆ ಒಂದು ಒಳಕೋಣೆಯಿತ್ತು, ಮುರಿದ ಕುರ್ಚಿಗಳನ್ನು ಹಾಕುವ ಕೋಣೆ. ನಾನು ನಿತ್ಯ ಬೇಗ ಬಂದು ನಿಜವಾದ ಕಾಗದಗಳನ್ನು ಅಲ್ಲಿಗೆ ಸಾಗಿಸಿ, ಕಾಕಾನ ಸಂತೆಯ ಕ್ರಮದಲ್ಲಿ ಮತ್ತೆ ಇಟ್ಟೆ. ಹೊರಗಿನ ರ‍್ಯಾಕುಗಳ ರುಮಾಲುಗಳಲ್ಲಿ ಹಳೆಯ ಪೇಪರು, ಉಪಯೋಗವಿಲ್ಲದ ಫಾರ್ಮು, ಕೈಗೆ ಸಿಕ್ಕ ರದ್ದಿಯನ್ನೆಲ್ಲ ತುಂಬಿ ಮೊದಲಿನಷ್ಟೇ ದಪ್ಪ ಗಂಟು ಕಟ್ಟಿದೆ. ಮೇಲೆ ಸುವರ್ಣಾಳ ಅಕ್ಷರದ ಚೀಟಿ. ಹೊರಗೆ ನೋಡಿದರೆ ಪುಸ್ತಕದಲ್ಲಿದ್ದಂಥ ಕಚೇರಿ. ಒಳಗೆ ಕಾಕಾನ ಕಚೇರಿ. ರುಮಾಲು ತರುವುದು ಸಿಪಾಯಿಯ ಕೆಲಸವಾದ್ದರಿಂದ ಮೇಡಮ್ಮರು ಎದ್ದು ಬರುವ ಪ್ರಸಂಗವೇ ಇರಲಿಲ್ಲ. ಆಕೆ ಹಳ್ಳಿಯ ಹೆಸರು ಹೇಳುವುದೇ ತಡ, ಕಾಕಾ ಒಳಗಿನಿಂದ ಕಾಗದ ತೆಗೆದುಕೊಡುತ್ತಿದ್ದ, ನಾನು ಓಡಿಬಂದು ಆಕೆಯ ಮೇಜಿನ ಮೇಲೆ ಇಡುತ್ತಿದ್ದೆ. "ನೋಡ್ರಿ, ಹೊಸಾ ಪದ್ಧತಿ ಎಷ್ಟ ಚಲೋ ಆತು," ಎಂದು ಆಕೆ ಗುಮಾಸ್ತರಿಗೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮನೆಯಲ್ಲಿ ವರದಿಯ ಮೊದಲ ಅಧ್ಯಾಯ ಶುರುವಾಯಿತು. ನಾನು ಕಂದೀಲು ಹಿಡಿದು ದಾರಿ ತಪ್ಪಿಸಿದವನ ಹಾಗೆ, ಆಕೆಗೆ ಪೆನ್ನು, ಚಹಾ ಕೊಡುತ್ತ ಕೂತೆ.

ಹೇಳಬಹುದಾಗಿತ್ತು. ಆದರೆ ಕಾಕಾನಿಗೆ ಮಾತು ಕೊಟ್ಟಿದ್ದೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲೂ ಕಚೇರಿಯಲ್ಲೂ ಯಾವಾಗಲೂ ಆಕೆಗೇ ಹೆಚ್ಚು ಗೊತ್ತಿರುತ್ತಿತ್ತು. ಆಕೆಗೆ ಗೊತ್ತಿಲ್ಲದ ಒಂದು ಕೋಣೆಯ ಯಜಮಾನ ನಾನಾಗಿದ್ದೆ. ಅದರಲ್ಲಿ ನನಗೆ ಸ್ವಲ್ಪ ಸುಖವಿತ್ತು.

ಕಾಕಾ ನಿವೃತ್ತನಾದ ವಾರ, ಕಚೇರಿಗೆ ಎರಡು ದಿನ ರಜೆ ಬಂದಿತ್ತು. ಒಬ್ಬನೇ ಹೋಗಿ ರದ್ದಿ ತೆಗೆದು, ನಿಜವಾದ ಕಾಗದಗಳನ್ನು ಚೀಟಿಯ ಪ್ರಕಾರ ತುಂಬಿದೆ. ತಾಲೂಕು ಒಡೆದಾಗ ಪಾಲು ಸುಸೂತ್ರವಾಗಿ ಆಯಿತು. ಸುವರ್ಣಾಳನ್ನು ಮೂಡಲಗಿಗೆ ಕಳಿಸಿದರು. ಆಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು, ನಾನು ಗೋಕಾಕದ ಕಚೇರಿಯಲ್ಲೇ ಉಳಿದೆ. ಕಾಕಾ ಮಗಳ ಮನೆಗೆಂದು ಕೊಣ್ಣೂರಿಗೆ ಹೋದವನು ಎರಡು ವರ್ಷದಲ್ಲಿ ತೀರಿಕೊಂಡ. ಆಗಾದರೂ ಹೇಳಬಹುದಾಗಿತ್ತು; ಮಾತಿನ ಕಟ್ಟು ಮುಗಿದಿತ್ತು. ಆದರೆ ಒಂದು ಮಾತನ್ನು ಬಹಳ ದಿನ ಇಟ್ಟುಕೊಂಡರೆ, ಮೊದಲು ಯಾಕೆ ಹೇಳಲಿಲ್ಲ ಎಂಬುದಕ್ಕೂ ಜವಾಬು ಬೇಕಾಗುತ್ತದೆ. ವರದಿ ಕೊಟ್ಟೆಯಾ ಎಂದು ಕೇಳಿದ್ದಕ್ಕೆ ಸುವರ್ಣಾ "ಕೊಟ್ಟೇನಿ" ಎಂದಿದ್ದಳು. ಸುಳ್ಳು ವರದಿ ನನ್ನಿಂದಾಗಿ ಹೋಯಿತೆಂದೇ ತಿಳಿದಿದ್ದೆ. ಫಲಿತಾಂಶ ಮಾತ್ರ ಬರಲಿಲ್ಲ. ಒಂದು ವರ್ಷವಾದ ಮೇಲೆ ನಾನು ಚೇಷ್ಟೆ ಮಾಡಿದೆ: "ನಿಮ್ಮ ಎಂ.ಎ. ಮುಂದಿನ ಜನ್ಮಕ್ಕ ಬರತೈತೇನ, ಮೇಡಂ?" ಆಕೆ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, "ಬರತೈತಿ. ಇನ್ನೊಂದ ಕೆಲಸ ಬಾಕಿ ಐತಿ," ಎಂದಳು. ಯಾವ ಕೆಲಸ ಎಂದು ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ಮೂಡಲಗಿಯಲ್ಲಿ ಇಳಿದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಕಚೇರಿ ಸೇರಿದಾಗ ಊಟದ ಹೊತ್ತು. ಸವಿತಾ ಇಪ್ಪತ್ತೈದರ ಹುಡುಗಿ. "ಬರ್ರಿ ಕಾಕಾ," ಎಂದು ಕುರ್ಚಿ ಕೊಟ್ಟು, ಡ್ರಾವರಿನಲ್ಲಿದ್ದದ್ದನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಒಂದು ಬಾಚಣಿಗೆ, ಕಾಲು ಮುರಿದ ಚಷ್ಮಾ, ಅಡಿಕೆಯ ಸಣ್ಣ ಡಬ್ಬಿ, ದಾರದಿಂದ ಕಟ್ಟಿದ ಒಂದು ಕೈಬರಹದ ಪುಸ್ತಕ. ಮೇಲೆ ಸುವರ್ಣಾಳ ದುಂಡನೆಯ ಅಕ್ಷರದಲ್ಲಿ ವರದಿಯ ಹೆಸರು.

"ಇದನ್ನ ಕೊಟ್ಟಾಳಂತ ತಿಳದಿದ್ದೆನಲ್ಲವ್ವಾ," ಎಂದೆ.

"ಎಲ್ಲಿ ಕೊಟ್ಟಾರ್ರಿ. ಮುಗಸೇ ಇಲ್ಲ. ಮುಗಸ್ರಿ ಬಾಯಾರ ಅಂತ ನಾ ಎಷ್ಟ ಸಲ ಗಂಟ ಬಿದ್ದಿದ್ದೆ. ಒಬ್ಬರ ಕಡೆ ಒಂದು ಮಾತ ಕೇಳೂದೈತಿ ಅಂತಿದ್ದರು." ಆಮೇಲೆ ಆಕೆಗೆ ಮಾತಿನ ಹುರುಪು ಬಂತು. "ನಿಮಗ ಗೊತ್ತಿರಬೇಕಲ್ರಿ, ನೀವೂ ಗೋಕಾಕದಾಗ ಅದ ಕಚೇರ್ಯಾಗ ಇದ್ದವರು. ಇಲ್ಲಿ ನಮ್ಮ ರೆಕಾರ್ಡ್ ರೂಮ್ ಶುರು ಆದಾಗ ಬಾಯಾರು ಮೂರ ವಾರ ಒಂದು ಚೀಟಿ ಸೈತ ಹಚ್ಚಗೊಡಲಿಲ್ಲ. ಮೊದಲ ಕೆಲಸ ಮಾಡ್ರಿ, ಯಾರ ಕೈ ಎಲ್ಲಿ ಹೋಗತೈತಿ ನೋಡೂಣು ಅಂದರು. ಯಾಕ್ರಿ ಅಂತ ಕೇಳಿದ್ದಕ್ಕ ಒಂದು ಕತಿ ಹೇಳಿದರು."

ಕತೆ ಏನೆಂದು ನನಗೆ ಆಗಲೇ ಗೊತ್ತಾಗಿತ್ತು. ಆದರೂ, "ಏನ ಹೇಳಿದಳು?" ಎಂದೆ.

"ಒಂದಿನ ಸಿಪಾಯಿ ರಜಾ ಹಾಕಿದ್ದನಂತ, ರೆಕಾರ್ಡ್ ರೂಮಿನ್ಯಾಗೂ ಆ ಹೊತ್ತಿಗಿ ಯಾರೂ ಇರಲಿಲ್ಲಂತ. ಬಾಯಾರು ತಾವ ಹೋಗಿ ರುಮಾಲ ಬಿಚ್ಚಿದರ ಒಳಗ ಬರೇ ರದ್ದಿ. ಇನ್ನೊಂದ ಬಿಚ್ಚಿದರ ಅದರಾಗೂ ರದ್ದಿ. ಹುಡಿಕ್ಯಾಡಿದರ ಖರೇ ಕಾಗದ ಹಿಂದಿನ ಒಳಕೋಣ್ಯಾಗ, ಸಂತಿ ಸಂತಿ ಪ್ರಕಾರ ಇಟ್ಟಿದ್ದುವಂತ. ನಕ್ಕ ನಕ್ಕ ಹೇಳತಿದ್ದರ್ರಿ. ಮತ್ತ ಹಂಗ ಕಟ್ಟಿಟ್ಟು ಬಂದು ಕುರ್ಚಿ ಮ್ಯಾಲ ಕುಂತರಂತ. ಯಾಕ ಸುಮ್ಮಿದ್ರಿ ಅಂತ ಕೇಳಿದೆ. ಕಚೇರ್ಯಾಗ ಕೇಳಿದರ ಅದು ವಿಚಾರಣಿ ಆಗತೈತಿ, ಅಂವನ ನೌಕರಿಗಿ ಬರತೈತಿ ಅಂದರು. ಅಂವ ಸುಮ್ಮ ಸುಮ್ಮಕ ಹಿಂಗ ಮಾಡಾವಲ್ಲ, ಏನರ ಕಾರಣ ಇರತೈತಿ, ತಾನಾಗಿ ಬಂದು ಹೇಳತಾನ ಅಂತ ದಾರಿ ನೋಡಾಕತ್ತೇನಿ ಅಂದರು." ಸವಿತಾ ವರದಿಯ ದಾರವನ್ನು ಸರಿಪಡಿಸುತ್ತ ಕೇಳಿದಳು, "ಆಮ್ಯಾಲ ಹೇಳಿದನೇನ್ರಿ ಅಂವ?"

ಆ ಹುಡುಗಿಗೆ ಅದು ನಾನೇ ಎಂದು ಸುವರ್ಣಾ ಹೇಳಿರಲಿಲ್ಲ. ಬೇರೆ ಊರಿನಲ್ಲಿ, ನನಗೆ ಗೊತ್ತಿಲ್ಲದ ಜನರ ನಡುವೆ ಕೂತು ಕೂಡ ನನ್ನ ಮಾನ ಕಾಯ್ದಿದ್ದಳು. "ಗೊತ್ತಿಲ್ಲವ್ವಾ," ಎಂದೆ. ಅಲ್ಲಿಯೂ ಅಷ್ಟೇ ಬಂತು ಬಾಯಿಗೆ. ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. "ಚಹಾ ಕುಡದ ಹೋಗ್ರಿ ಕಾಕಾ," ಎಂದಳು. ಬಸ್ಸಿದೆ ಎಂದು ಸುಳ್ಳು ಹೇಳಿ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತೆ.

ಬಸ್ಸಿನಲ್ಲಿ ಬರುತ್ತ ನನಗೆ ಒಂದೇ ವಿಚಾರ. ಆರು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡಿದ್ದೇವೆ. ನಾನು ಆಕೆಗೆ ಗೊತ್ತಿಲ್ಲವೆಂದು ಸುಮ್ಮನಿದ್ದೆ, ಆಕೆ ನಾನು ಹೇಳಲಿ ಎಂದು ಸುಮ್ಮನಿದ್ದಳು. ಸುಳ್ಳನ್ನು ಬರೆದುಕೊಟ್ಟಿದ್ದರೆ ಆಕೆಗೆ ಪದವಿ ಸಿಗುತ್ತಿತ್ತು. ಖರೆ ಬರೆದಿದ್ದರೂ ಸಿಗುತ್ತಿತ್ತು, ನನ್ನ ನೌಕರಿ ಹೋಗುತ್ತಿತ್ತು. ಆಕೆ ಎರಡನ್ನೂ ಬರೆಯಲಿಲ್ಲ. ನನ್ನ ಚೇಷ್ಟೆಯ ಮಾತನ್ನು ಕೇಳಿಕೊಂಡು ರೊಟ್ಟಿ ಬಡಿದಳು.

ನಾಲ್ಕು ದಿನ ವರದಿಯನ್ನು ಬಿಚ್ಚಲಿಲ್ಲ. ನಿನ್ನೆ ಸಂಜೆ ಚಹಾಕ್ಕೆ ನೀರಿಟ್ಟು, ಅಡುಗೆಮನೆಯಲ್ಲೇ ನೆಲದ ಮೇಲೆ ಕೂತು ದಾರ ಬಿಚ್ಚಿದೆ. ಮೂರು ಅಧ್ಯಾಯ ಪೂರ್ತಿಯಾಗಿದ್ದವು. ಸಂತೆಯ ಕ್ರಮದ ಬಗ್ಗೆ ಮೂರನೆಯದರಲ್ಲಿ ಎಂಟು ಪುಟ ಬರೆದಿದ್ದಳು, ಕಾಕಾನ ಹೆಸರಿಲ್ಲದೆ, ನಾನು ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ನಾಲ್ಕನೆಯ ಅಧ್ಯಾಯಕ್ಕೆ ತಲೆಬರಹ ಮಾತ್ರ ಇತ್ತು: ಪ್ರತಿರೋಧಕ್ಕೆ ಕಾರಣ. ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು, "ಇವರನ್ನು ಕೇಳಬೇಕು." ಅದನ್ನು ಎಷ್ಟೋ ಸಲ ಅಳಿಸಿ ಎಷ್ಟೋ ಸಲ ಮತ್ತೆ ಬರೆದಿದ್ದಳು. ಆ ಜಾಗದಲ್ಲಿ ಕಾಗದ ತೆಳ್ಳಗಾಗಿ ಹಿಂದಿನ ಪುಟ ಕಾಣುತ್ತಿತ್ತು.

"ಮೇಡಂ," ಎಂದು ಶುರು ಮಾಡಿದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಕಚೇರಿಯ ದನಿಯಂತೆ ಕೇಳಿಸಿತು. ನಿಲ್ಲಿಸಿದೆ. ಆಮೇಲೆ ಹೆಸರು ಹಿಡಿದು ಕರೆದೆ.

"ಸುವರ್ಣಾ, ಕಾಕಾಗ ಕಣ್ಣ ಕಾಣತಿದ್ದಿಲ್ಲ. ಯಾರ ಮುಂದೂ ಹೇಳಬ್ಯಾಡ ಅಂದಿದ್ದ. ಅದಕ್ಕ ನಾನ ಮಾಡಿದೆ. ಆಮ್ಯಾಲ ನಿನ್ನ ಮುಂದ ಹೇಳಾಕ ಅಂಜಿಕಿ ಆತು."

ಅಷ್ಟೇ ಇತ್ತು ಹೇಳುವುದು. ಒಲೆಯ ಮೇಲಿಟ್ಟ ನೀರು ಇನ್ನೂ ಕುದಿದಿರಲಿಲ್ಲ.